ಸತ್ತ ಮೇಲೆ ಏನು, ತೀರ್ಪು ಯಾರ ಕೈಲಿ? ಓದುಗರು ಕೇಳಿದ್ದು, ಟೀಚರ್ ಹೇಳಿದ್ದು

ನವೆಂಬರ್ ಹತ್ರ ಬಂತು ಅಂದ್ರೆ ನಮ್ಮ ಚರ್ಚ್‌ಗಳಲ್ಲಿ ಸಮಾಧಿ ಕ್ಲೀನ್ ಮಾಡೋ ಕೆಲಸ ಶುರುವಾಗುತ್ತೆ, ಹುಲ್ಲು ಕಿತ್ತು ಸುಣ್ಣ ಹೊಡೆದು 2ನೇ ತಾರೀಕಿಗೆ, ಸತ್ತೋರನ್ನ ನೆನೆಯೋ ದಿನಕ್ಕೆ, ಹೂವು ಮೇಣದಬತ್ತಿ ರೆಡಿ ಮಾಡ್ಕೋತಾರೆ, ಮಕ್ಕಳು ಅಜ್ಜಿ ಈಗ ಎಲ್ಲಿದಾಳೆ ಅಂತ ಕೇಳೋದು ಆಗ್ಲೇ. ಅದಕ್ಕೇ ಹೋದ ಸಂಚಿಕೆಯಲ್ಲಿ ಸಾವು, ತೀರ್ಪು, ಸ್ವರ್ಗ, ನರಕದ ಬಗ್ಗೆ ಏನ್ ಬೇಕಾದ್ರೂ ಕೇಳಿ ಅಂದಿದ್ದೆ. ಇಷ್ಟೊಂದು ಪತ್ರ ಬರುತ್ತೆ ಅಂದ್ಕೊಂಡಿರ್ಲಿಲ್ಲ, ಅದ್ರಲ್ಲೂ ಹಿಂದೂ ಮನೆಗಳಿಂದ ಇಷ್ಟು ಬರುತ್ತೆ ಅಂತ. ನಾನು ಥಿಯಾಲಜಿ ಓದಿದೋಳಲ್ಲ, ಹಾಸನದಲ್ಲಿ ಸ್ಕೂಲ್ ಟೀಚರ್ ಆಗಿ ರಿಟೈರ್ ಆದೋಳು, ಭಾನುವಾರ ಮಕ್ಕಳಿಗೆ ಜ್ಞಾನೋಪದೇಶ ಹೇಳ್ಕೊಡ್ತೀನಿ, ಕಥೋಲಿಕಳು. ಧರ್ಮಸಭೆ ಹೇಳೋದನ್ನ ಧರ್ಮಸಭೆ ಹೇಳೋದು ಅಂತ, ನನ್ನ ಅನಿಸಿಕೇನ ನನ್ನ ಅನಿಸಿಕೆ ಅಂತ ಬೇರೆ ಮಾಡೇ ಹೇಳ್ತೀನಿ.

ಪ್ರಶ್ನೆ: ಟೀಚರ್, ನಮ್ಮ ತಾತ ಮುತ್ತಾತಂದಿರ ಸಮಾಧಿ ಹೇಮಾವತಿ ಹಿನ್ನೀರಲ್ಲಿ ಮುಳುಗಿ ಹೋದ್ವು. ಕೊನೇ ದಿನ ಸತ್ತೋರೆಲ್ಲ ಎದ್ದು ಬರ್ತಾರೆ ಅಂತೀವಲ್ಲ, ಒಂದ್ ಮೂಳೆನೂ ಸಿಗದೋರು ಹೆಂಗೆ ಎದ್ದು ಬರ್ತಾರೆ? ನಮ್ಮಣ್ಣ ಬೇರೆ ಬೆಂಗಳೂರಲ್ಲಿ ಹೂಳೋಕೆ ಜಾಗ ಇಲ್ಲ ನನ್ನ ಸುಟ್ಬಿಡಿ ಅಂತಾನೆ, ಅದು ಸರೀನಾ? (ಗೊರೂರು ಕಡೆಯ ಓದುಗ)

ಉತ್ತರ: ಶೆಟ್ಟಿಹಳ್ಳಿ ಚರ್ಚ್ ನೋಡಿದೋರಿಗೆ ಈ ಪ್ರಶ್ನೆ ಬರ್ದೇ ಇರಲ್ಲ. 1860ರ ಸುಮಾರಿಗೆ ಫ್ರೆಂಚ್ ಮಿಷನರಿಗಳು ಕಟ್ಟಿದ್ದು, ಗೊರೂರು ಡ್ಯಾಂ ಬಂದ್ಮೇಲೆ ಊರೋರೆಲ್ಲ ಬಿಟ್ಟು ಹೋದ್ರು, ಈಗ ಮಳೆಗಾಲದಲ್ಲಿ ನೀರೊಳಗೆ, ಬೇಸಿಗೇಲಿ ಮತ್ತೆ ನೆಲದ ಮೇಲೆ. ಜನ ಫೋಟೋ ತೆಗೆಯೋಕೆ ಬರ್ತಾರೆ. ನಂಗೆ ಅಲ್ಲಿ ನಿಂತಾಗೆಲ್ಲ ಆ ಗೋಡೆಗಳ ನಡುವೆ ಮದುವೆಯಾದೋರು, ಕೂಸುಗಳಿಗೆ ಜ್ಞಾನಸ್ನಾನ ಮಾಡಿಸ್ಕೊಂಡು ಹೋದೋರು ನೆನಪಾಗ್ತಾರೆ, ಅವರ ಮುಖ ಒಂದೂ ನಾನು ಕಂಡಿಲ್ಲ, ಆದ್ರೂ ನೆನಪಾಗ್ತಾರೆ.

ನಿಮ್ಮ ಭಯ ಹೊಸದಲ್ಲಪ್ಪ. ಕ್ರಿ.ಶ. 177ರಲ್ಲಿ ಈಗಿನ ಫ್ರಾನ್ಸ್ ದೇಶದ ಲಿಯೋನ್ ಊರಲ್ಲಿ ಕ್ರೈಸ್ತರನ್ನ ಹಿಂಸೆ ಕೊಟ್ಟು ಕೊಂದ್ರು, ಕೊಂದು ಸುಮ್ನಾಗ್ಲಿಲ್ಲ, ಇವರು ಸತ್ರೂ ಎದ್ದು ಬರ್ತೀವಿ ಅಂತಾರಲ್ಲ, ಎದ್ದು ಬರ್ಲಿ ನೋಡೋಣ ಅಂತ ಹೆಣಗಳನ್ನ ಸುಟ್ಟು ಬೂದೀನ ರೋನ್ ನದಿಗೆ ಗುಡಿಸಿ ಹಾಕಿದ್ರು. ಉಳಿದ ಕ್ರೈಸ್ತರು ಇದನ್ನೆಲ್ಲ ಪತ್ರ ಬರೆದು ದೂರದ ಸಭೆಗಳಿಗೆ ತಿಳಿಸಿದ್ರು, ಯೂಸೇಬಿಯಸ್ ಅನ್ನೋ ಚರಿತ್ರೆಕಾರ ಆ ಪತ್ರಾನ ತನ್ನ ಪುಸ್ತಕದಲ್ಲಿ ಸೇರಿಸಿದಾನೆ, ಹಂಗಾಗಿ ನಮ್ಮವರೆಗೂ ಬಂತು. ನಮ್ಮೋರನ್ನ ಮಣ್ಣು ಮಾಡೋಕೂ ಆಗ್ಲಿಲ್ವಲ್ಲ ಅನ್ನೋ ಸಂಕಟ ಆ ಪತ್ರದಲ್ಲಿ ತುಂಬಿದೆ, ಆದ್ರೆ ನದಿಗೆ ಹೋದೋರು ದೇವರ ಕೈಯಿಂದಾನೂ ಹೋದ್ರು ಅನ್ನೋ ಮಾತು ಮಾತ್ರ ಇಲ್ಲ. ರೋನ್ ನದಿ ಬೂದೀನ ಬಚ್ಚಿಡೋಕೆ ಆಗ್ದೇ ಇದ್ಮೇಲೆ ನಮ್ಮ ಹೇಮಾವತಿ ನಿಮ್ಮ ತಾತನ್ನ ದೇವರಿಂದ ಬಚ್ಚಿಡ್ತಾಳಾ?

ಯೇಸುವಿನ ಸಂದೇಶ ಸಾರಿದ ಪೌಲ, ಕೊರಿಂಥದೋರಿಗೆ ಬರೆದ, ಬೈಬಲಲ್ಲಿರೋ ಮೊದಲನೇ ಪತ್ರದ 15ನೇ ಅಧ್ಯಾಯದಲ್ಲಿ ಇದನ್ನೇ ಬೀಜದ ಲೆಕ್ಕದಲ್ಲಿ ಹೇಳ್ತಾನೆ, ಬಿತ್ತೋದು ಬರೀ ಕಾಳು, ಎದ್ದು ಬರೋದು ಪೈರು. ರಾಗಿ ಪೈರು ಕಿತ್ತು ಬೇರಲ್ಲಿ ಹುಡುಕಿದ್ರೆ ಹಾಕಿದ ಕಾಳು ಸಿಗಲ್ಲ, ಆದ್ರೆ ರಾಗಿ ಬಿತ್ತಿದ ಕಡೆ ರಾಗಿನೇ ಬರೋದು, ಜೋಳ ಬರಲ್ಲ. ಹಳೇ ಮೂಳೆಗಳನ್ನ ಎಣಿಸಿ ಜೋಡಿಸೋದಲ್ಲ ಪುನರುತ್ಥಾನ ಅಂದ್ರೆ, ಅದೇ ಮನುಷ್ಯನನ್ನ ದೇವರು ಸಾವೇ ಇಲ್ಲದ ಹೊಸ ರೀತೀಲಿ ಎಬ್ಬಿಸೋದು.

ಸುಡೋದರ ಬಗ್ಗೆ: 1963ರಿಂದ ಕಥೋಲಿಕ ಧರ್ಮಸಭೇಲಿ ಅದಕ್ಕೆ ಅನುಮತಿ ಇದೆ, ಪುನರುತ್ಥಾನ ಸುಳ್ಳು ಅಂತ ತೋರ್ಸೋಕೆ ಮಾಡ್ಬಾರ್ದು ಅಷ್ಟೇ. ಹೂಳೋದೇ ಒಳ್ಳೇದು ಅಂತ ಈಗ್ಲೂ ಹೇಳ್ತಾರೆ. 2016ರಲ್ಲಿ ರೋಮಿನಿಂದ ಬಂದ ಸೂಚನೆ ಪ್ರಕಾರ ಬೂದೀನ ನದೀಲಿ ಬಿಡೋ ಹಾಗಿಲ್ಲ, ಮನೇಲೂ ಇಟ್ಕೊಳ್ಳೋ ಹಾಗಿಲ್ಲ, ಸಮಾಧಿ ಜಾಗದಂಥ ಪವಿತ್ರ ಜಾಗದಲ್ಲೇ ಇಡ್ಬೇಕು. ಅಣ್ಣಂಗೆ ಇದನ್ನ ತಿಳಿಸಿ.

ಪ್ರಶ್ನೆ: ನಮ್ಮದು ಹಳೇಬೀಡಿನ ಹತ್ರ, ಹಿಂದೂಗಳು. ನಮ್ಮಲ್ಲಿ ಕರ್ಮ, ಪುನರ್ಜನ್ಮ ಅಂತೀವಿ. ನಿಮ್ಮಲ್ಲಿ ಒಂದೇ ಜನ್ಮ, ಆಮೇಲೆ ತೀರ್ಪು ಅಂತಾರೆ. ಆ ತೀರ್ಪು ಸತ್ತ ತಕ್ಷಣಾನಾ, ಇಲ್ಲ ಲೋಕ ಮುಗಿಯೋವರೆಗೂ ಕಾಯ್ಬೇಕಾ? (ಒಬ್ಬ ಮೇಷ್ಟ್ರು)

ಉತ್ತರ: ಮೇಷ್ಟ್ರೇ, ನಿಮ್ಮೂರ ಸುತ್ತ ವೀರಗಲ್ಲು ನೋಡಿರ್ತೀರಲ್ಲ, ಕೆಳಗಿನ ಪಟ್ಟೀಲಿ ಯುದ್ಧ, ಅದರ ಮೇಲೆ ಅಪ್ಸರೆಯರು ವೀರನ್ನ ಎತ್ಕೊಂಡು ಹೋಗೋದು, ತುದೀಲಿ ಶಿವನ ಸನ್ನಿಧಿ. ಸತ್ತೋನ ಮುಂದಿನ ದಾರೀನ ಕಲ್ಲಲ್ಲಿ ಹಿಂಗೆ ಬರೆದಿಟ್ಟ ನಾಡು ನಮ್ದು. ಆ ಕಲ್ಲು ಕೇಳೋ ಪ್ರಶ್ನೇನೇ ನಮ್ದೂ ಕೂಡ, ಉತ್ತರದಲ್ಲಿ ಮಾತ್ರ ವ್ಯತ್ಯಾಸ ಇದೆ. ಒಂದೇ ಬಾಳು, ಒಂದೇ ಸಾವು, ಆಮೇಲೆ ತೀರ್ಪು ಅನ್ನೋದು ಇಬ್ರಿಯರಿಗೆ ಬರೆದ ಪತ್ರದ 9ನೇ ಅಧ್ಯಾಯದ 27ನೇ ವಚನ. ಮತ್ತೆ ವೀರಗಲ್ಲಲ್ಲಿ ವೀರ ಮೇಲೆ ಹೋದ್ಮೇಲೆ ಕಥೆ ಮುಗೀತು, ನಮ್ಮಲ್ಲಿ ಮುಗಿಯಲ್ಲ, ಕೊನೆಗೆ ದೇಹಾನೂ ಎದ್ದು ಬರ್ಬೇಕು, ಹೊಸ ಆಕಾಶ ಹೊಸ ಭೂಮಿ ಆಗ್ಬೇಕು, ಪ್ರಕಟನೆ ಪುಸ್ತಕದ 21ನೇ ಅಧ್ಯಾಯ ಅದನ್ನೇ ಹೇಳುತ್ತೆ, ದೇವರೇ ಇಳಿದು ಬಂದು ಮನುಷ್ಯರ ಜೊತೆ ವಾಸ ಮಾಡಿ ಕಣ್ಣೀರು ಒರೆಸ್ತಾನೆ ಅಂತ.

ಕಥೋಲಿಕ ಬೋಧನೇಲಿ ತೀರ್ಪು ಎರಡು. ಸತ್ತ ಕೂಡ್ಲೇ ಒಬ್ಬೊಬ್ಬರಿಗೂ ಆಗೋದು ಒಂದು, 1336ರಲ್ಲಿ ಪೋಪ್ 12ನೇ ಬೆನೆಡಿಕ್ಟ್ ಇದನ್ನ ಅಧಿಕೃತವಾಗಿ ಸಾರಿದ್ರು, ಲೋಕದ ಕೊನೇವರೆಗೂ ಆತ್ಮ ಕತ್ತಲಲ್ಲಿ ಕಾಯ್ಬೇಕಾಗಿಲ್ಲ ಅಂತ. ಇನ್ನೊಂದು ಕ್ರಿಸ್ತ ತಿರುಗಿ ಬಂದಾಗ ಎಲ್ಲರ ಎದುರಿಗೆ ಆಗೋ ಅಂತಿಮ ತೀರ್ಪು. ಮೊದಲನೇದು ಆದ್ಮೇಲೆ ಎರಡನೇದು ಯಾಕೆ ಅಂತ ನಂಗೂ ಎಷ್ಟೋ ವರ್ಷ ಅರ್ಥ ಆಗಿರ್ಲಿಲ್ಲ. 13ನೇ ಶತಮಾನದ ಥಾಮಸ್ ಅಕ್ವೀನಾಸ್ ಕೊಟ್ಟ ಕಾರಣ ಓದಿದ್ಮೇಲೆ ತಿಳೀತು: ಮನುಷ್ಯ ಸಾಯ್ತಾನೆ, ಅವನು ಮಾಡಿದ್ದು ಸಾಯಲ್ಲ. ಕೆರೆ ಕಟ್ಟಿಸಿದೋನು ಹೋಗಿ ಮುನ್ನೂರು ವರ್ಷ ಆದ್ರೂ ಆ ನೀರು ಗದ್ದೆಗೆ ಹರೀತಾನೇ ಇರುತ್ತೆ, ಸುಳ್ಳು ಪತ್ರ ಮಾಡಿ ಬಡವನ ಎರಡೆಕರೆ ಹೊಡ್ಕೊಂಡೋನು ಸತ್ತು ಸಮಾಧಿ ಸೇರಿದ್ರೂ ಆ ಬಡವನ ಮೊಮ್ಮಕ್ಕಳು ಇನ್ನೂ ಕೂಲಿಗೆ ಹೋಗ್ತಾನೇ ಇರ್ತಾರೆ. ಲೆಕ್ಕ ಪೂರ್ತಿಯಾಗೋದು ಚರಿತ್ರೆ ಪೂರ್ತಿಯಾದಾಗ್ಲೇ. ಅವತ್ತು ಯಾರಿಗೂ ಕಾಣದ ಒಳ್ಳೇದೂ, ಯಾರಿಗೂ ಕಾಣದ ಅನ್ಯಾಯಾನೂ ಎಲ್ಲರ ಮುಂದೆ ಬರುತ್ತೆ. ನಂಗಂತೂ ಇದು ಹೆದರಿಸೋ ಮಾತು ಅನ್ಸಲ್ಲ, ಯಾವ ಕೋರ್ಟಲ್ಲೂ ನ್ಯಾಯ ಸಿಗದೋರು ಎಷ್ಟು ಜನ ಇದಾರೆ, ಅವರ ಕೇಸು ಕ್ಲೋಸ್ ಆಗಿಲ್ಲ ಅಂತ ಹೇಳೋ ಮಾತು ಇದು.

ಪ್ರಶ್ನೆ: ಇನ್ನೆರಡು ವರ್ಷದಲ್ಲಿ ಲೋಕ ಮುಗಿಯುತ್ತೆ ಅಂತ ವಾಟ್ಸಾಪಲ್ಲಿ ಒಂದು ವಿಡಿಯೋ ಬಂದಿದೆ. ನಮ್ಮೆಜಮಾನ್ರು ಅದನ್ನ ನಂಬ್ಕೊಂಡು ಈ ಸಲ ಮೆಣಸು ಬಳ್ಳಿ ಹಾಕೋದೇ ಬೇಡ ಅಂತ ಕೂತಿದಾರೆ. (ಸಕಲೇಶಪುರ)

ಉತ್ತರ: ಬಳ್ಳಿ ಹಾಕ್ಸಮ್ಮ. ಆ ದಿನ, ಆ ಗಳಿಗೆ ತಂದೆಗೆ ಬಿಟ್ಟು ಯಾರಿಗೂ ಗೊತ್ತಿಲ್ಲ ಅಂತ ಯೇಸುಸ್ವಾಮಿಯೇ ಹೇಳಿದ್ದು ಮತ್ತಾಯ 24:36ರಲ್ಲಿದೆ. ಅಮೆರಿಕದಲ್ಲಿ ವಿಲಿಯಂ ಮಿಲ್ಲರ್ ಹಿಂದೆ ಹೋದೋರು 1844ರ ಅಕ್ಟೋಬರ್ 22 ಅಂತ ಕಾಯ್ತಾ ಕೂತ್ರು, ಕೆಲವರು ಬೆಳೆ ಕೂಡ ಕೊಯ್ಲಿಲ್ಲ, ಮಾರನೇ ದಿನ ಅತ್ತಿದ್ದೇ ಬಂತು. 2011ರ ಮೇ 21 ಅಂತ ಇನ್ನೊಬ್ರು ರೇಡಿಯೋದಲ್ಲಿ ಸಾರಿದ್ರು, ಆ ದಿನವೂ ಹೋಯ್ತು. ಥೆಸಲೋನಿಕದಲ್ಲೂ ಕೆಲಸ ಬಿಟ್ಟು ಕೂತೋರು ಇದ್ರು, ಸುಮ್ನೆ ದುಡಿದು ನಿಮ್ಮ ಅನ್ನ ನೀವು ಉಣ್ಣಿ ಅಂತ ಪೌಲ ಅವರಿಗೆ ಖಡಾಖಂಡಿತವಾಗಿ ಬರೆದ. ಯಜಮಾನ್ರಿಗೆ ಥೆಸಲೋನಿಕದೋರಿಗೆ ಅವನು ಬರೆದ ಎರಡನೇ ಪತ್ರದ 3ನೇ ಅಧ್ಯಾಯ ಓದಿ ಹೇಳಿ.

ಪ್ರಶ್ನೆ: ಟೀಚರ್, ನಾನು ಮದುವೆ ಆದ್ಮೇಲೆ ಜ್ಞಾನಸ್ನಾನ ತಗೊಂಡೋಳು. ನಮ್ಮಮ್ಮ ಹಿಂದೂನೇ, ಈ ವರ್ಷ ತೀರ್ಕೊಂಡ್ರು. ವರ್ಷಕ್ಕೊಂದ್ಸಲ ಹಾಸನಾಂಬೆ ಬಾಗಿಲು ತೆಗೆದಾಗ ಎಷ್ಟೇ ಉದ್ದ ಕ್ಯೂ ಇದ್ರೂ ನಿಂತು ದರ್ಶನ ಮಾಡೋರು. ನನ್ನ ಮಗಳ ಜ್ಞಾನಸ್ನಾನಕ್ಕೂ ಬಂದು ಮೊಮ್ಮಗಳನ್ನ ತೊಡೆ ಮೇಲೆ ಇಟ್ಕೊಂಡು ಕೂತಿದ್ರು. ಈಗ ಪ್ರಾರ್ಥನಾ ಕೂಟದ ಒಬ್ರು ನಿಮ್ಮಮ್ಮ ನರಕದಲ್ಲಿದಾರೆ, ಯೇಸುನ ಒಪ್ಕೊಂಡಿರ್ಲಿಲ್ವಲ್ಲ ಅಂದ್ರು. ಅವತ್ತಿಂದ ಊಟ ಸೇರ್ತಿಲ್ಲ. (ಹಾಸನ)

ಉತ್ತರ: ತಂಗಿ, ಮೊದಲು ಊಟ ಮಾಡು. ಆ ಮಾತು ಹೇಳಿದೋರಿಗೆ ಅದನ್ನ ಹೇಳೋ ಅಧಿಕಾರ ಇಲ್ಲ. ನಂಗೂ ಇಲ್ಲ, ಬಿಷಪ್ಪರಿಗೂ ಇಲ್ಲ, ಪೋಪ್‌ಗೂ ಇಲ್ಲ. ಧರ್ಮಸಭೆ ಸಾವಿರಾರು ಜನರನ್ನ ಹೆಸರು ಹಿಡಿದು ಸಂತರು ಅಂತ ಸಾರಿದೆ, ಇಂಥೋರು ನರಕದಲ್ಲಿದಾರೆ ಅಂತ ಒಬ್ಬರ ಹೆಸರನ್ನೂ ಸಾರಿಲ್ಲ, ಎರಡು ಸಾವಿರ ವರ್ಷದಲ್ಲಿ ಒಬ್ಬರನ್ನೂ.

ಮುಚ್ಚುಮರೆ ಮಾಡಲ್ಲ, ಈ ವಿಷಯದಲ್ಲಿ ಕ್ರೈಸ್ತರೆಲ್ಲ ಒಂದೇ ಮಾತು ಹೇಳಲ್ಲ. ಬಾಯಿ ಬಿಟ್ಟು ಯೇಸುನ ಒಪ್ಕೊಳ್ದೋರಿಗೆ ರಕ್ಷಣೆ ಇಲ್ಲ ಅಂತ ಬೋಧಿಸೋ ಸಭೆಗಳಿವೆ, ಅವರು ಯೊವಾನ್ನ 14:6 ತೋರಿಸ್ತಾರೆ, ನನ್ನ ಮೂಲಕ ಅಲ್ಲದೆ ಯಾರೂ ತಂದೆ ಹತ್ರ ಬರಲ್ಲ ಅಂತ ಯೇಸು ಹೇಳಿದ್ದು. ನಮ್ಮ ಕಥೋಲಿಕರಲ್ಲೂ ಸಭೆಯ ಹೊರಗೆ ರಕ್ಷಣೆ ಇಲ್ಲ ಅನ್ನೋ ಮಾತನ್ನ ತುಂಬಾ ಕಟ್ಟುನಿಟ್ಟಾಗಿ ಹೇಳಿದ ಕಾಲ ಇತ್ತು. ಆದ್ರೆ ಅಮೆರಿಕದಲ್ಲಿ ಫೀನಿ ಅನ್ನೋ ಗುರು ಅದನ್ನ ಅಷ್ಟೇ ಕಟ್ಟುನಿಟ್ಟಾಗಿ ಹಿಡ್ಕೊಂಡಾಗ ರೋಮ್ 1949ರಲ್ಲಿ ಅದು ತಪ್ಪು ತಿಳುವಳಿಕೆ ಅಂತ ಪತ್ರ ಬರೀತು. ಕಥೋಲಿಕ ಬಿಷಪ್ಪರು ಸೇರಿದ ಎರಡನೇ ವ್ಯಾಟಿಕನ್ ಸಮ್ಮೇಳನ 1964ರಲ್ಲಿ ಇನ್ನೂ ಬಿಡಿಸಿ ಹೇಳ್ತು: ತಮ್ಮದಲ್ಲದ ಕಾರಣಕ್ಕೆ ಕ್ರಿಸ್ತನನ್ನ ಅರಿಯದೆ ಇರೋರು, ನಿಜವಾದ ಮನಸ್ಸಿಂದ ದೇವರನ್ನ ಹುಡುಕ್ತಾ, ಅಂತಃಸಾಕ್ಷಿ ಹೇಳಿದ ಹಾಗೆ ದೇವರ ಕೃಪೆಯಿಂದ ಬಾಳಿದ್ರೆ ಅವರಿಗೂ ರಕ್ಷಣೆ ಸಿಗಬಹುದು. ಅದು ಯೇಸುನ ಮೂಲಕವೇ ಸಿಗೋದು, ಅದನ್ನ ಬಿಟ್ಟುಕೊಟ್ಟಿಲ್ಲ. ಆದ್ರೆ ಯೇಸು ಕೈ ಚಾಚೋದು ಅವನ ಹೆಸರು ಗೊತ್ತಿರೋರಿಗೆ ಮಾತ್ರ ಅಂತ ಯಾರು ಹೇಳಿದ್ದು?

ಶಿಲುಬೆ ಮೇಲೆ ಪಕ್ಕದಲ್ಲಿದ್ದ ಕಳ್ಳ ಜ್ಞಾನಸ್ನಾನ ತಗೊಂಡಿರ್ಲಿಲ್ಲ, ಒಂದಿನಾನೂ ಶಿಷ್ಯನಾಗಿರ್ಲಿಲ್ಲ, ನನ್ನ ನೆನಪು ಮಾಡ್ಕೋ ಅಂತ ಒಂದು ಮಾತು ಅಂದ, ಇವತ್ತೇ ನನ್ನ ಜೊತೆ ಪರದೈಸಲ್ಲಿ, ಅಂದ್ರೆ ಸ್ವರ್ಗದಲ್ಲಿ, ಇರ್ತೀಯ ಅಂತ ಉತ್ತರ ಸಿಕ್ತು. ನಿಮ್ಮಮ್ಮ ಕೊನೇ ಉಸಿರಲ್ಲಿ ದೇವರ ಜೊತೆ ಏನ್ ಮಾತಾಡಿದ್ರು ಅನ್ನೋದು ಆ ಪ್ರಾರ್ಥನಾ ಕೂಟದೋರಿಗೆ ಗೊತ್ತಾ? ನನ್ನ ಅನಿಸಿಕೆ ಇಷ್ಟು: ಅಷ್ಟುದ್ದ ಕ್ಯೂಲಿ ಕಾಲು ನೋಯಿಸ್ಕೊಂಡು ನಿಂತ ಹೆಂಗಸು ದೇವರನ್ನ ಹುಡುಕ್ತಾ ಇದ್ದೋಳೇ, ಹುಡುಕೋರನ್ನ ದೇವರು ಬಾಗಿಲಿಂದ ತಳ್ಳಲ್ಲ. ಅಮ್ಮನ ಹೆಸರಲ್ಲಿ ಪೂಜೆ ಇಡ್ಸು, ಫಾದರ್ ಹತ್ರ ಸಂಕೋಚ ಇಲ್ದೆ ಕೇಳು, ಕ್ರೈಸ್ತರಲ್ಲದೋರಿಗಾಗಿಯೂ ನಾವು ಪ್ರಾರ್ಥನೆ ಮಾಡ್ತೀವಿ.

ಪ್ರಶ್ನೆ: ನಾವು ಕಥೋಲಿಕರು, ಮಗಳನ್ನ ಕೊಟ್ಟಿರೋದು ಸಿಎಸ್‌ಐ ಮನೆಗೆ, ಪ್ರೊಟೆಸ್ಟೆಂಟರು. ಸತ್ತೋರಿಗೆ ಪೂಜೆ ಯಾಕೆ, ಶುದ್ಧೀಕರಣ ಸ್ಥಳ ಅಂತ ಬೈಬಲಲ್ಲಿ ಎಲ್ಲೂ ಇಲ್ಲ ಅಂತ ಬೀಗರು ಹೇಳ್ತಾರೆ. ಏನ್ ಹೇಳೋದು? (ಚಿಕ್ಕಮಗಳೂರು)

ಉತ್ತರ: ಶುದ್ಧೀಕರಣ ಸ್ಥಳ ಅಂದ್ರೆ ಸತ್ತೋರು ಸ್ವರ್ಗ ಸೇರೋ ಮುಂಚೆ ಶುದ್ಧವಾಗೋದು, ನಮ್ಮ ಎಸ್ಟೇಟ್ ಕಡೆ ಕೊಂಕಣಿ ಮನೆಗಳಲ್ಲಿ ಇದನ್ನೇ ಪುರ್ಗೆತೊರ್ ಅಂತಾರೆ. ಆ ಪದ ಬೈಬಲಲ್ಲಿ ಇಲ್ಲ, ಬೀಗರು ಹೇಳೋದು ನಿಜ. ಸತ್ತೋರ ಪಾಪ ಪರಿಹಾರಕ್ಕೆ ಪ್ರಾರ್ಥನೆ ಮಾಡ್ಸಿದ್ದು ಮಕ್ಕಬಿಯರ ಎರಡನೇ ಪುಸ್ತಕದ 12ನೇ ಅಧ್ಯಾಯದಲ್ಲಿದೆ, ಆದ್ರೆ ಆ ಪುಸ್ತಕ ನಮ್ಮ ಬೈಬಲಲ್ಲಿ ಉಂಟು, ಅವರ ಬೈಬಲಲ್ಲಿ ಇಲ್ಲ, ಅಲ್ಲೇ ಜಗಳ ನಿಂತ್ಬಿಡುತ್ತೆ. ದುಡ್ಡು ಕೊಟ್ರೆ ಆತ್ಮಕ್ಕೆ ಬಿಡುಗಡೆ ಅಂತ ಪಾಪವಿಮೋಚನೆ ಪತ್ರ ಮಾರಿದ್ರಲ್ಲ, ಅದು ದೊಡ್ಡ ತಪ್ಪು, 1517ರಲ್ಲಿ ಪ್ರೊಟೆಸ್ಟೆಂಟ್ ಸುಧಾರಣೆ ಶುರು ಮಾಡಿದ ಲೂಥರ್ ಸಿಟ್ಟಾಗಿದ್ದಕ್ಕೆ ಕಾರಣ ಇತ್ತು. ನಮ್ಮ ಬಿಷಪ್ಪರ ಟ್ರೆಂಟ್ ಸಮ್ಮೇಳನ 1563ರಲ್ಲಿ ಶುದ್ಧೀಕರಣ ಇದೆ ಅಂತ ಹೇಳ್ತಾನೇ, ಅದರ ಹೆಸರಲ್ಲಿ ದುಡ್ಡು ಮಾಡೋದು, ಜನರ ಕುತೂಹಲ ಕೆರಳಿಸೋದು ನಿಲ್ಬೇಕು ಅಂತಾನೂ ಹೇಳ್ತು.

ಶುದ್ಧೀಕರಣ ಅಂದ್ರೆ ಸಣ್ಣ ನರಕ ಅಲ್ಲ. ಅಲ್ಲಿರೋರೆಲ್ಲ ಸ್ವರ್ಗಕ್ಕೆ ಹೋಗೋರೇ. 2007ರಲ್ಲಿ ಪೋಪ್ 16ನೇ ಬೆನೆಡಿಕ್ಟ್ ಭರವಸೆ ಬಗ್ಗೆ ಬರೆದ ವಿಶ್ವಪತ್ರದಲ್ಲಿ ಈ ಸುಡೋ ಬೆಂಕಿ, ಉಳಿಸೋ ಬೆಂಕಿ ಕ್ರಿಸ್ತನೇ ಅಂತ ಹೇಳೋ ಪಂಡಿತರ ಮಾತನ್ನ ಎತ್ತಿ ಹೇಳ್ತಾರೆ. ತುಂಬಾ ಪ್ರೀತಿಸೋ ಅಮ್ಮನ ಮುಂದೆ, ಮಾಡಿದ ತಪ್ಪೆಲ್ಲ ಗೊತ್ತಿದ್ದೂ ಸುಮ್ನೆ ನೋಡ್ತಿರೋ ಅಮ್ಮನ ಮುಂದೆ ನಿಂತಾಗ ಒಳಗೆ ಹೆಂಗ್ ಉರಿಯುತ್ತೋ ಹಂಗೆ ಅಂತ ನಾನು ಮಕ್ಕಳಿಗೆ ಹೇಳ್ತೀನಿ. ಬೀಗರ ಜೊತೆ ವಾದ ಬೇಡ. ಕ್ರಿಸ್ತ ತೀರ್ಪು ಮಾಡೋಕೆ ಬರ್ತಾನೆ, ಸತ್ತೋರು ಏಳ್ತಾರೆ ಅನ್ನೋದನ್ನ ಅವರೂ ನೀವೂ ಒಂದೇ ವಿಶ್ವಾಸ ಪ್ರಮಾಣದಲ್ಲಿ ಹೇಳ್ತೀರಲ್ಲ.

ಪ್ರಶ್ನೆ: ಮನುಷ್ಯ ಬದುಕೋದು 60 ಇಲ್ಲ 70 ವರ್ಷ. ಅದಕ್ಕೆ ಕೊನೇನೇ ಇಲ್ಲದ ನರಕ ಶಿಕ್ಷೆ ಅಂದ್ರೆ ಯಾವ ನ್ಯಾಯ ಮೇಡಂ? ಪ್ರೀತಿ ಇರೋ ದೇವರು ಹಿಂಗೆ ಮಾಡ್ತಾನಾ? (ಎಂಜಿನಿಯರಿಂಗ್ ವಿದ್ಯಾರ್ಥಿ, ಹಾಸನ)

ಉತ್ತರ: ಈ ಪ್ರಶ್ನೆಗೆ ಮುಂಚೆ ನನ್ನದೊಂದು ತಪ್ಪು ಹೇಳ್ಕೋಬೇಕು. ಮೊದಮೊದಲು ಜ್ಞಾನೋಪದೇಶ ಹೇಳ್ಕೊಡೋವಾಗ ನರಕದ ಬೆಂಕಿನ ಮಕ್ಕಳಿಗೆ ತುಂಬಾ ವರ್ಣನೆ ಮಾಡ್ಬಿಟ್ಟೆ. ಮಾರನೇ ವಾರ ಒಬ್ಬ ಹುಡುಗನ ತಾಯಿ ಬಂದು, ಮಗು ದೀಪ ಆರಿಸೋಕೆ ಬಿಡ್ತಿಲ್ಲ ಟೀಚರ್, ಸುಳ್ಳು ಹೇಳಿದೀನಿ ಸುಟ್ಟೋಗ್ತೀನಿ ಅಂತ ಅಳ್ತಾನೆ ಅಂದ್ಲು. ಆ ಮಗು ಮನೆಗೆ ಹೋಗಿ ಪಕ್ಕದಲ್ಲಿ ಕೂತು ಬಂದೆ. ಅದಾದ್ಮೇಲೆ ಯಾವತ್ತೂ ಹಂಗೆ ಪಾಠ ಮಾಡಿಲ್ಲ.

ನರಕ ಅಂತ ನಾವು ಓದೋ ಕಡೆ ಯೇಸು ಎಷ್ಟೋ ಸಲ ಬಳಸಿದ ಪದ ಗೆಹೆನ್ನ. ಅದು ಜೆರುಸಲೇಮಿನ ದಕ್ಷಿಣಕ್ಕಿರೋ ಹಿನ್ನೋಮ್ ಕಣಿವೆ ಹೆಸರು, ಹಿಂದಿನ ಕಾಲದಲ್ಲಿ ಅಲ್ಲಿ ಹೆತ್ತ ಮಕ್ಕಳನ್ನೇ ಬೆಂಕಿಗೆ ಬಲಿ ಕೊಟ್ಟಿದ್ರು, ಯೆರೆಮೀಯ ಪ್ರವಾದಿ ಆ ಜಾಗಾನ ಶಪಿಸಿದ್ದ. ಬೆಂಕಿಯ ಮಾತು ಬಂದಿದ್ದು ಅಲ್ಲಿಂದ. ಶಾಶ್ವತವಾ ಅಲ್ವಾ ಅನ್ನೋದು ಮಾತ್ರ ಹಳೇ ಚರ್ಚೆ. 3ನೇ ಶತಮಾನದ ಓರಿಜೆನ್ ಅನ್ನೋ ಕ್ರೈಸ್ತ ಪಂಡಿತ ಕೊನೆಗೊಂದಿನ ಎಲ್ಲರೂ ದೇವರ ಹತ್ರ ವಾಪಸ್ ಬರ್ತಾರೆ ಅನ್ನೋ ಹಾಗೆ ಬರೆದ, ಆ ಬೋಧನೆಯನ್ನ 6ನೇ ಶತಮಾನದಲ್ಲಿ ಖಂಡಿಸಿದ್ರು, ಆದ್ರೆ ಅದೇ ಆಸೆ ಇಟ್ಕೊಂಡಿದ್ದ ನಿಸ್ಸದ ಗ್ರೆಗೊರಿಯನ್ನ ಇವತ್ತಿಗೂ ಸಂತ ಅಂತ್ಲೇ ಗೌರವಿಸ್ತೀವಿ. ಧರ್ಮಸಭೆ ಇವತ್ತು ಬೋಧಿಸೋದು ಇಷ್ಟು: ನರಕ ಇದೆ, ಶಾಶ್ವತ, ಆದ್ರೆ ದೇವರು ಯಾರನ್ನೂ ಅಲ್ಲಿಗೆ ಅಂತ ಹಣೆಬರಹ ಬರೆದಿಲ್ಲ, ಮನುಷ್ಯ ತಾನಾಗಿ ದೇವರಿಂದ ದೂರ ನಿಲ್ಲೋದೇ ನರಕ.

ಲೂಕ 16ರಲ್ಲಿ ಐಶ್ವರ್ಯವಂತ ಮತ್ತೆ ಬಡವ ಲಾಜರನ ಕಥೆ ನಿಧಾನಕ್ಕೆ ಓದಪ್ಪ. ಬದುಕಿದ್ದಾಗ ಬಾಗಿಲಲ್ಲಿ ಹುಣ್ಣು ತುಂಬ್ಕೊಂಡು ಬಿದ್ದಿದ್ದ ಲಾಜರನ್ನ ಆ ಐಶ್ವರ್ಯವಂತ ತಿರುಗಿ ನೋಡ್ಲಿಲ್ಲ. ಪಾತಾಳದಲ್ಲಿ ಉರೀತಾ ಇರೋವಾಗ್ಲೂ ಲಾಜರನ ಜೊತೆ ಒಂದ್ ಮಾತಿಲ್ಲ, ಕ್ಷಮಿಸು ಅನ್ನಲ್ಲ, ಅಬ್ರಹಾಮಂಗೆ ಹೇಳ್ತಾನೆ, ಲಾಜರನ್ನ ಕಳಿಸು ನೀರು ತಂದ್ಕೊಡ್ಲಿ ಅಂತ, ಆಮೇಲೆ ಲಾಜರನ್ನ ನಮ್ಮಣ್ಣತಮ್ಮಂದಿರ ಹತ್ರ ಕಳಿಸು ಅಂತ. ಸತ್ ಮೇಲೂ ಲಾಜರ ಅವನಿಗೆ ಆಳೇ. ಅವರಿಬ್ಬರ ನಡುವಿನ ದೊಡ್ಡ ಕಂದಕಾನ ಬದುಕಿದ್ದಾಗ ತನ್ನ ಬಾಗಿಲಲ್ಲೇ ತೋಡೋಕೆ ಶುರು ಮಾಡಿದೋನು ಅವನೇ. 60 ವರ್ಷಕ್ಕೆ ಅನಂತ ಶಿಕ್ಷೆನಾ ಅಂತ ಕೇಳಿದ್ಯಲ್ಲ, ಪ್ರಶ್ನೆ ವರ್ಷದ್ದಲ್ಲ ಅಂತ ನಂಗೆ ಅನ್ಸುತ್ತೆ, ಯಾವತ್ತಿಗೂ ಬದಲಾಗೋಕೆ ಒಪ್ಪದೇ ಇರೋ ಮನಸ್ಸಿಗೆ ದೇವರು ಏನ್ ಮಾಡ್ಬೇಕು ಅನ್ನೋದು ಪ್ರಶ್ನೆ. 7ನೇ ಶತಮಾನದ ನಿನೆವೆಯ ಇಸಾಕ್ ಅನ್ನೋ ಸನ್ಯಾಸಿ, ನರಕದಲ್ಲಿರೋರನ್ನ ಹೊಡೆಯೋದೂ ಪ್ರೀತಿಯ ಚಾಟಿಯೇ ಅಂತ ಬರೆದ. ಎಲ್ಲರೂ ಉಳೀಲಿ ಅಂತ ಆಸೆ ಪಡೋದು ತಪ್ಪಲ್ಲ, ಪ್ರಾರ್ಥನೆ ಮಾಡೋದಂತೂ ನಮ್ಮ ಕರ್ತವ್ಯ.

ಪ್ರಶ್ನೆ: ತಪ್ಪದೆ ಪೂಜೆಗೆ ಹೋಗ್ತೀನಿ, ಚರ್ಚ್ ರಿಪೇರಿಗೆ ಕೈಯೆತ್ತಿ ಕೊಟ್ಟಿದೀನಿ. ತೀರ್ಪಿನ ದಿನ ದೇವರು ಇನ್ನೇನು ಕೇಳ್ತಾನೆ? (ಮೂಡಿಗೆರೆಯ ಪ್ಲಾಂಟರ್)

ಉತ್ತರ: ಸರ್, ಪ್ರಶ್ನೆಪತ್ರಿಕೆ ಮೊದಲೇ ಕೊಟ್ಬಿಟ್ಟಿದಾನೆ, ಮತ್ತಾಯ 25ರಲ್ಲಿ, 31ನೇ ವಚನದಿಂದ. ಹಸಿದಿದ್ದೆ, ಬಾಯಾರಿದ್ದೆ, ಪರದೇಶಿಯಾಗಿದ್ದೆ, ಬಟ್ಟೆ ಇರ್ಲಿಲ್ಲ, ಕಾಯಿಲೆ ಬಿದ್ದಿದ್ದೆ, ಜೈಲಲ್ಲಿದ್ದೆ, ಈ ಆರು. ಅಲ್ಲಿ ಬಲಗಡೆ ನಿಂತೋರೂ ಎಡಗಡೆ ನಿಂತೋರೂ ಇಬ್ಬರೂ ಆಶ್ಚರ್ಯದಿಂದ ಕೇಳೋದು ಒಂದೇ ಮಾತು, ಸ್ವಾಮೀ ನಿನ್ನನ್ನ ಯಾವಾಗ ನೋಡಿದ್ವಿ ಅಂತ. ನೋಡಿದ್ದು ಯಾರಿಗೂ ಗೊತ್ತೇ ಆಗಿರ್ಲಿಲ್ಲ.

ಪೂಜೆ, ಕಾಣಿಕೆ ಬೇಡ ಅಂತಲ್ಲ, ಅದು ನಡೀಲಿ. ಆದ್ರೆ ಕುಯ್ಲು ಟೈಮಲ್ಲಿ ನಿಮ್ಮ ಕಡೆ ತೋಟಗಳಿಗೆ ಅಸ್ಸಾಂ, ಬಂಗಾಳದಿಂದ ಜನ ಬರ್ತಾರಲ್ಲ, ಪರದೇಶಿಯಾಗಿದ್ದೆ ಅಂದ್ರೆ ಅವರೇ. ಅವರ ಲೈನ್ ಮನೆ ಸೋರುತ್ತಾ, ಕುಡಿಯೋ ನೀರು ಬರುತ್ತಾ, ಕೂಸಿಗೆ ಜ್ವರ ಬಂದ್ರೆ ರಾತ್ರಿ ಜೀಪ್ ಕಳಿಸ್ತೀರಾ? ನೀವು ಮಾಡ್ತಿಲ್ಲ ಅಂತ ನಾನು ಹೇಳ್ತಿಲ್ಲ, ನಿಮ್ಮ ತೋಟ ನಾನು ನೋಡಿಲ್ಲ. ಸ್ಪೇನಿನ ಸಂತ, ಶಿಲುಬೆಯ ಯೊವಾನ್ನ, ಬಾಳಿನ ಸಂಜೆ ಹೊತ್ತಲ್ಲಿ ನಮಗೆ ತೀರ್ಪಾಗೋದು ಪ್ರೀತಿಯ ಮೇಲೆ ಅಂದಿದಾರೆ. ನಂಗೇ ಈ ಅಧ್ಯಾಯ ಓದೋಕೆ ಭಯ, ರಿಟೈರ್ ಆಗಿ ಮನೇಲಿದ್ರೂ ಎಷ್ಟೋ ದಿನ ಗೇಟ್ ಹತ್ರ ಬಂದೋರನ್ನ ಬರಿಗೈಲಿ ಕಳಿಸಿದೀನಿ.

ಪ್ರಶ್ನೆ: ನಮ್ಮಣ್ಣ ಹೋದ ವರ್ಷ ತಾನೇ ಜೀವ ತೆಕ್ಕೊಂಡ. ಸೊರಗು ರೋಗಕ್ಕೆ ಮೆಣಸೆಲ್ಲ ಹೋಗಿ ಸಾಲ ಆಗಿತ್ತು, ಅದಕ್ಕಿಂತ ಮುಂಚಿಂದಾನೇ ಅವನು ಮಂಕಾಗಿದ್ದ, ನಿದ್ದೆ ಮಾಡ್ತಿರ್ಲಿಲ್ಲ, ಯಾರ ಜೊತೆನೂ ಮಾತಿರ್ಲಿಲ್ಲ. ಮಣ್ಣು ಮಾಡೋ ದಿನ ಸಂಬಂಧಿಕರೊಬ್ರು ಇವನಿಗೆಲ್ಲ ಪೂಜೆ ಯಾಕೆ, ಹೋಗೋದು ನರಕಕ್ಕೇ ಅಂದ್ರು. ಅಮ್ಮ ಅದನ್ನ ಕೇಳಿಸ್ಕೊಂಡ್ರು. (ಬಾಳೆಹೊನ್ನೂರು ಕಡೆಯ ತಂಗಿ)

ಉತ್ತರ: ನಿನ್ನ ಪತ್ರ ಎರಡ್ ಸಲ ಓದಿದೆ ತಾಯಿ, ಮೂರನೇ ಸಲ ಓದೋಕಾಗ್ಲಿಲ್ಲ.

ಆ ಸಂಬಂಧಿಕರು ಹೇಳಿದ್ದು ಧರ್ಮಸಭೆಯ ಮಾತಲ್ಲ. 1917ರ ಹಳೇ ಕಾನೂನಲ್ಲಿ ಬೇಕು ಅಂತ ಜೀವ ತೆಕ್ಕೊಂಡೋರಿಗೆ ಚರ್ಚಿನ ಅಂತ್ಯಕ್ರಿಯೆ ಇಲ್ಲ ಅಂತ ಇತ್ತು, ಹಳಬರ ಬಾಯಲ್ಲಿ ಅದೇ ಉಳ್ಕೊಂಡಿದೆ. 1983ರ ಹೊಸ ಕಾನೂನಲ್ಲಿ ಅದನ್ನ ತೆಗೆದು ಹಾಕಿದಾರೆ. 1992ರ ಕಥೋಲಿಕ ಧರ್ಮೋಪದೇಶ ಗ್ರಂಥದ 2282, 2283ನೇ ಪ್ಯಾರಾಗಳು ಅಮ್ಮಂಗೆ ಓದಿ ಹೇಳು. ಜೀವ ದೇವರದ್ದು, ಅದನ್ನ ತೆಗೆಯೋದು ದೊಡ್ಡ ತಪ್ಪು ಅಂತಾನೇ ಬೋಧಿಸುತ್ತೆ, ಅದನ್ನ ಮುಚ್ಚಿಡಲ್ಲ, ಆದ್ರೆ ಮನಸ್ಸಿನ ಕಾಯಿಲೆ, ತಡೆಯೋಕಾಗದ ಸಂಕಟ, ಭಯ ಇದ್ದಾಗ ಆ ಮನುಷ್ಯನ ಹೊಣೆ ಕಮ್ಮಿಯಾಗುತ್ತೆ, ಅಂಥೋರ ರಕ್ಷಣೆ ಬಗ್ಗೆ ನಾವು ನಿರಾಸೆ ಪಡಬಾರದು, ತನಗೆ ಮಾತ್ರ ಗೊತ್ತಿರೋ ದಾರೀಲಿ ದೇವರು ಅವರಿಗೆ ಪಶ್ಚಾತ್ತಾಪದ ಅವಕಾಶ ಕೊಡಬಲ್ಲ, ಧರ್ಮಸಭೆ ಅವರಿಗಾಗಿ ಪ್ರಾರ್ಥಿಸುತ್ತೆ ಅಂತ ಇದೆ. ನಿದ್ದೆ ಇಲ್ಲ, ಮಾತಿಲ್ಲ, ಮಂಕು ಅಂತ ನೀನು ಬರ್ದಿದ್ಯಲ್ಲ, ನಿಮ್ಮಣ್ಣಂಗೆ ಕಾಯಿಲೆ ಇತ್ತು ಕಣಮ್ಮ. ಕಾಯಿಲೆಯಿಂದ ಸತ್ತೋರಿಗೆ ನಾವು ಏನ್ ಮಾಡ್ತೀವೋ ಅವನಿಗೂ ಅದನ್ನೇ ಮಾಡ್ಬೇಕು.

19ನೇ ಶತಮಾನದಲ್ಲಿ ಫ್ರಾನ್ಸಿನ ಆರ್ಸ್ ಅನ್ನೋ ಹಳ್ಳೀಲಿ ಯೊವಾನ್ನ ವಿಯಾನ್ನಿ ಅಂತ ಒಬ್ಬ ಗುರು ಇದ್ರು, ಈಗ ಸಂತರು. ಗಂಡ ಹೀಗೇ ನೀರಿಗೆ ಹಾರಿ ಸತ್ತ ಒಬ್ಬ ಹೆಂಗಸು ಅವರ ಹತ್ರ ಬಂದಾಗ, ಅವಳು ಬಾಯಿ ಬಿಡೋ ಮುಂಚೆನೇ, ಅವನು ಉಳ್ಕೊಂಡಿದಾನೆ, ಸೇತುವೆಗೂ ನೀರಿಗೂ ನಡುವೆ ಅವನಿಗೆ ಪಶ್ಚಾತ್ತಾಪ ಪಡೋಕೆ ಸಮಯ ಇತ್ತು ಅಂದ್ರಂತೆ, ಅವರ ಜೀವನಚರಿತ್ರೇಲಿ ಬರುತ್ತೆ. ಅಷ್ಟು ಚಿಕ್ಕ ಗಳಿಗೆ ದೇವರಿಗೆ ಸಾಕು. ಅಮ್ಮನ ಜೊತೆ ಹೋಗಿ ಅಣ್ಣನ ಹೆಸರನ್ನ ನವೆಂಬರ್ 2ರ ಪೂಜೆ ಪಟ್ಟೀಲಿ ಬರೆಸು, ಪೂರ್ತಿ ಹೆಸರು ಬರೆಸು.

ಇನ್ನೊಂದು. ಇಂಥ ಮನೆಗಳಲ್ಲಿ ಉಳಿದೋರೂ ಒಳಗೊಳಗೇ ಕುಸೀತಾರೆ. ನಿಂಗಾಗ್ಲಿ ಅಮ್ಮಂಗಾಗ್ಲಿ ರಾತ್ರಿ ಹೊತ್ತು ಕತ್ತಲೆ ಜಾಸ್ತಿಯಾಯ್ತು ಅನ್ಸಿದ್ರೆ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡು, ಸರ್ಕಾರದ್ದು, ಉಚಿತ, ಕನ್ನಡದಲ್ಲೇ ಮಾತಾಡ್ತಾರೆ. ಇದನ್ನ ಓದ್ತಿರೋ ಬೇರೆ ಯಾರಿಗಾದ್ರೂ ನಿಮ್ಮಣ್ಣಂಗೆ ಅನ್ಸಿದ ಹಾಗೆ ಅನ್ನಿಸ್ತಿದ್ರೆ ಅವರಿಗೂ ಇದೇ ಹೇಳ್ತೀನಿ, ಇವತ್ತೇ ಮಾಡಿ.

ಪ್ರಶ್ನೆ: ತಾಯಿ, ನಂಗೆ 84 ವರ್ಷ. ಮನೆಯೋಳು ಹೋಗಿ ಆರು ವರ್ಷ ಆಯ್ತು. ಮೇಲೆ ಹೋದ್ರೆ ಅವಳ ಗುರುತು ಸಿಗುತ್ತಾ? ಅಲ್ಲಿ ಮದುವೆ ಗಿದುವೆ ಇಲ್ಲ ಅಂತ ಬೈಬಲಲ್ಲಿ ಬರ್ದಿದೆಯಲ್ಲ. ಅವಳು ಐವತ್ತು ವರ್ಷ ನನ್ನ ಹೆಸರು ಹಿಡಿದು ಕರೀಲಿಲ್ಲ, ರೀ ಅಂತ್ಲೇ ಕರೀತಿದ್ಲು. (ಕೊಪ್ಪ)

ಉತ್ತರ: ಯಜಮಾನ್ರೇ, ಪುನರುತ್ಥಾನದಲ್ಲಿ ಮದುವೆ ಮಾಡ್ಕೊಳ್ಳೋದು, ಮಾಡ್ಕೊಡೋದು ಇಲ್ಲ ಅಂತ ಯೇಸು ಹೇಳಿದ್ದು ಲೂಕ 20ರಲ್ಲಿದೆ, ನಿಜ. ಸಾವೇ ಇಲ್ಲದ ಕಡೆ ವಂಶ ಬೆಳೆಸೋ ಅಗತ್ಯ ಇಲ್ಲ ಅಂತ ಅಲ್ಲೇ ಕಾರಣಾನೂ ಇದೆ. ಆದ್ರೆ ಪ್ರೀತಿ ಇರಲ್ಲ, ಗುರುತು ಇರಲ್ಲ ಅಂತ ಎಲ್ಲೂ ಹೇಳಿಲ್ಲ.

ಯೇಸು ಎದ್ದ ದಿನ ಮಗ್ದಲದ ಮರಿಯ ಸಮಾಧಿ ಹತ್ರ ಅಳ್ತಾ ನಿಂತಿದ್ಲು, ಎದುರಿಗೇ ಇದ್ದೋನನ್ನ ತೋಟದವನು ಅಂದ್ಕೊಂಡ್ಲು. ಮುಖ ನೋಡಿ ಗುರುತು ಸಿಗ್ಲಿಲ್ಲ. ಮರಿಯ ಅಂತ ಕರೆದ ತಕ್ಷಣ ಸಿಕ್ತು, ಆ ದನಿ ಅವಳಿಗೆ ಗೊತ್ತಿತ್ತು. ಎಮ್ಮಾವುಸಿಗೆ ಹೋಗೋ ದಾರೀಲಿ ಇಬ್ಬರು ಶಿಷ್ಯರು ಅಷ್ಟು ದೂರ ಜೊತೇಲಿ ನಡೆದ್ರೂ ತಿಳೀಲಿಲ್ಲ, ರೊಟ್ಟಿ ಮುರಿಯೋ ರೀತಿ ನೋಡಿ ತಿಳೀತು. ತೋಮನಿಗೆ ಗಾಯ ನೋಡಿದ್ಮೇಲೆ. ಎದ್ದು ಬಂದ ದೇಹದಲ್ಲೂ ಗಾಯದ ಗುರುತು ಹಾಗೇ ಇತ್ತು, ಬದುಕಿದ್ದಾಗಿನದ್ದು ಯಾವುದೂ ಅಳಿಸಿ ಹೋಗಿರ್ಲಿಲ್ಲ.

ನಿಮ್ಮನೆಯೋರ ಮುಖ ಅಲ್ಲಿ ಹೆಂಗಿರುತ್ತೋ ನಾನು ಹೇಳಲಾರೆ. ಆದ್ರೆ ಐವತ್ತು ವರ್ಷ ಅಡುಗೆಮನೆ ಬಾಗಿಲಿಂದ, ಕಣದಿಂದ, ಕಾಯಿಲೆ ಮಂಚದಿಂದ ರೀ ಅಂತ ಕರೆದ ದನೀನ ನೀವು ಮರೀತೀರಾ? ಈ ನವೆಂಬರ್ 2ಕ್ಕೆ ಮೊಮ್ಮಕ್ಕಳ ಕೈ ಹಿಡ್ಕೊಂಡು ಅವರ ಸಮಾಧಿಗೆ ಹೋಗಿ, ಇಳಿಜಾರಲ್ಲಿ ಜಾರುತ್ತೆ, ಕೋಲು ತಗೊಂಡೇ ಹೋಗಿ. ನೀವೂ ಬಹುಶಃ ಅವರನ್ನ ಹೆಸರು ಹಿಡಿದು ಕರೆದಿರಲ್ಲ. ಹೂವು ಇಟ್ಟಾದ್ಮೇಲೆ ಒಂದ್ಸಲ ಕರೀರಿ.